ಕೃತಕ ಪದವಿಗಳೂ ಅವುಗಳ ನಿವಾರಣೋಪಾಯವೂ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಕೋಲಾರದ ಸೀಮೆಯವರಿಗೆ ಚಿನ್ನದ ವಿಷಯವನ್ನು ಹೊರಗಿನವರು ಬಂದು ಹೇಳಿಕೊಡಬೇಕಾದುದಿಲ್ಲ. ನೂರಿಪ್ಪತ್ತು ವರ್ಷಗಳ ಕಾಲ ಈ ಜಿಲ್ಲೆಯ ಗಣಿಗಳಿಂದ ಹೊನ್ನು ಹೊರಬಂದಿತು. 2001ನೆಯ ಇಸವಿ ಫೆಬ್ರವರಿ 28ರಂದು ಆ ಕೆಲಸವು ನಿಂತಿತು. ಗಣಿಗಳು ನಡೆಯುತ್ತಿದ್ದ ದಿನಗಳಲ್ಲಿ ಕೂಡ ಇಲ್ಲಿಯ ಗೃಹಸ್ಥನು ಮಗಳ ಮದುವೆಗೆ ಒಡವೆಯನ್ನು ಕೊಳ್ಳುವಾಗ, "ಇದು ಕೋಲಾರದ್ದೇ ಚಿನ್ನ" ಎಂಬ ಮಾತನ್ನು ನಂಬಿ ಹಣವನ್ನೆಣಿಸಿ ಕೊಡುತ್ತಿರಲಿಲ್ಲ. ಅಕ್ಕಸಾಲಿಗನು ಒರೆಗಲ್ಲಿಗೆ ಉಜ್ಜಿ ತೋರಿಸಿದ ಮೇಲೆಯೇ ಸಂಚಿಯ ಬಾಯನ್ನು ಬಿಚ್ಚುತ್ತಿದ್ದನು. ಒಡವೆಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಜನರು ವಿದ್ಯೆಯ ವಿಷಯದಲ್ಲಿ ಮಾತ್ರ, ಕಾಗದದ ಮೇಲೆ ಮೊಹರನ್ನು ಕಂಡೊಡನೆ ಕೈಮುಗಿಯುವರು. ಕೃತಕ ಪದವಿಗಳ ವ್ಯಾಪಾರವು ಬೆಳೆಯುವುದು ಈ ಅಜಾಗರೂಕತೆಯಿಂದಲೇ.

ಪೂರ್ವದಲ್ಲಿ ಮಠಗಳ ಪಾಠಶಾಲೆಗಳಲ್ಲಿ ಯೋಗ್ಯತಾಪತ್ರಕ್ಕೆ ಅಷ್ಟು ಬೆಲೆಯಿರಲಿಲ್ಲ. ಅಮರಕೋಶವು ತನಗೆ ಬರುವುದೆಂದು ಹೇಳಿಕೊಂಡವನನ್ನು ಸಭೆಯಲ್ಲಿ ಯಾರು ಬೇಕಾದರೂ, ಯಾವ ವರ್ಗದ ನಡುವಿನಲ್ಲಾದರೂ ಹಿಡಿದು ಕೇಳಬಹುದಾಗಿತ್ತು. ಬಾರದಿದ್ದರೆ ಅವನ ಬಣ್ಣವು ಅಲ್ಲಿಯೇ ಬಯಲಾಗುತ್ತಿತ್ತು. ಹಾಗೆಂದು ಆ ಕ್ರಮವನ್ನೇ ಹೊಗಳುತ್ತ ಕೂಡುವುದು ನ್ಯಾಯವಲ್ಲ. ಗುರುವನ್ನು ಬಲ್ಲವರ ನಡುವೆ ಮಾತ್ರ ಅಂಥ ವಿದ್ಯೆಗೆ ಬೆಲೆಯಿತ್ತು. ಪರಊರಿಗೆ ಹೋದ ಬಡಹುಡುಗನನ್ನು, ಅದರಲ್ಲಿಯೂ ಪಾಠಶಾಲೆಯ ಬಾಗಿಲೇ ತೆರೆಯದಿದ್ದ ಕುಲಗಳಲ್ಲಿ ಹುಟ್ಟಿದವನನ್ನು, ಯಾರೂ ನಂಬುತ್ತಿರಲಿಲ್ಲ. ವಿಶ್ವವಿದ್ಯಾನಿಲಯದ ಪ್ರಮಾಣಪತ್ರದಿಂದ ಆದ ಮಹೋಪಕಾರವೆಂದರೆ ಇದೇ: ಬಂಧುಬಳಗದ ಆಸರೆಯಿಲ್ಲದವನ ಪರವಾಗಿ ಆ ಕಾಗದವು ಸಾಕ್ಷಿ ನುಡಿಯುವುದು. ಸಿರಿವಂತನ ಮಗನಿಗೆ ಬೇರೆ ಸಾಕ್ಷಿಗಳು ಬಹಳ. ಬಡವನ ಮಗಳಿಗೆ ಅದೊಂದೇ. ಆದುದರಿಂದ ಕಳ್ಳ ಅಂಕಪಟ್ಟಿಯನ್ನು ಅಚ್ಚು ಹಾಕುವವನು ಸರ್ಕಾರವನ್ನೋ ಕಾರ್ಖಾನೆಯನ್ನೋ ವಂಚಿಸಿದುದಕ್ಕಿಂತ ಹೆಚ್ಚಾಗಿ, ಹಗಲು ಕೂಲಿ ಮಾಡಿ ರಾತ್ರಿ ಓದಿ ತೇರ್ಗಡೆಯಾದ ಆ ಹೆಣ್ಣುಮಗಳ ಏಕೈಕ ಸಾಕ್ಷಿಯನ್ನು ಕೆಡಿಸಿದನು.

ಪದವಿಯಿಲ್ಲದವನು ಅಯೋಗ್ಯನೆಂಬುದು ಈ ಮಾತಿನ ಅರ್ಥವಲ್ಲ. ಇದೇ ಜಿಲ್ಲೆಯ ಇಬ್ಬರು ಮಹನೀಯರನ್ನು ನೆನೆದರೆ ಸಾಕು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿಯನ್ನು ಪಡೆದರು. ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದುದು 1916ರಲ್ಲಾದುದರಿಂದ ಅದಕ್ಕೆ ಮೊದಲು ಇಲ್ಲಿಯ ಕಾಲೇಜುಗಳ ಹುಡುಗರು ಮದರಾಸಿನ ಪರೀಕ್ಷೆಗಳಿಗೇ ಕೂಡಬೇಕಾಗಿತ್ತು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರಾದರೋ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಅದನ್ನು ಅವರು ಮರೆಮಾಚಲೂ ಇಲ್ಲ. ಪತ್ರಿಕಾ ವ್ಯವಸಾಯದಿಂದ ಜೀವಿಸಿ, 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಕೊನೆಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು. ಒಬ್ಬರು ಪರೀಕ್ಷೆಯನ್ನು ಗೆದ್ದರು, ಇನ್ನೊಬ್ಬರು ಗೆಲ್ಲಲಿಲ್ಲ. ಸುಳ್ಳುಕಾಗದವು ಇಬ್ಬರಿಗೂ ಬೇಕಾಗಲಿಲ್ಲ.

ಇನ್ನು ಮೋಸದ ಬಗೆಗಳು. ನಿಜವಾದ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಅಂಕಪಟ್ಟಿಯನ್ನು ತಿದ್ದುವುದೋ ಹೊಸದಾಗಿ ಅಚ್ಚು ಹಾಕುವುದೋ ಒಂದು ಬಗೆ. ಬೆಂಗಳೂರಿನಲ್ಲಿ ಪೊಲೀಸರು ಇಂಥ ಜಾಲಗಳನ್ನು ಒಂದಕ್ಕಿಂತ ಹೆಚ್ಚು ಸಲ ಹಿಡಿದಿದ್ದಾರೆ. ವಿಶ್ವವಿದ್ಯಾನಿಲಯವೇ ಸುಳ್ಳಾಗಿರುವುದು ಎರಡನೆಯ ಬಗೆ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ 22ನೆಯ ಕಲಮಿನಂತೆ ಪದವಿಯನ್ನು ಕೊಡತಕ್ಕ ಅಧಿಕಾರವು ಮೂವರಿಗೆ ಮಾತ್ರ ಉಂಟು: ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೆ, 2017ರಲ್ಲಿ ಸ್ಥಾಪಿತವಾಗಿ ಕೋಲಾರದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಂತೆ, ಆ ಅಂತಸ್ತಿಗೆ ಸಮವೆಂದು ಕೇಂದ್ರ ಸರ್ಕಾರವು ಸಾರಿದ ಸಂಸ್ಥೆಗಳಿಗೆ, 2007ರಲ್ಲಿ ಹಾಗಾದ ಟಮಕದ ಶ್ರೀ ದೇವರಾಜ ಅರಸು ಅಕಾಡೆಮಿಯಂತೆ, ಮತ್ತು ಪಾರ್ಲಿಮೆಂಟು ವಿಶೇಷವಾಗಿ ಅಧಿಕಾರವಿತ್ತವುಗಳಿಗೆ. ಉಳಿದವರು ಎಷ್ಟು ದೊಡ್ಡ ಫಲಕವನ್ನು ತೂಗುಹಾಕಿದರೂ ಅವರ ಪದವಿ ಪದವಿಯಲ್ಲ. ಅಂಥವರ ಪಟ್ಟಿಯನ್ನು ಆಯೋಗವು ಪ್ರಕಟಿಸುತ್ತ ಬಂದಿದೆ. ಗೋಕಾಕದ ವಿಳಾಸವುಳ್ಳ 'ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಷನ್ ಸೊಸೈಟಿ' ಎಂಬ ಹೆಸರು ಅನೇಕ ವರ್ಷಗಳ ಪಟ್ಟಿಗಳಲ್ಲಿ ಕಂಡುಬಂದಿತು. ಹೆಸರಿನಲ್ಲಿ 'ಸರ್ಕಾರ್' ಇದ್ದ ಮಾತ್ರಕ್ಕೆ ಸರ್ಕಾರವಾಗದು.

ಈ ಕಾಯಿದೆಯನ್ನು ಮುರಿದವರಿಗೆ 24ನೆಯ ಕಲಮಿನಲ್ಲಿ ಗೊತ್ತುಮಾಡಿದ ದಂಡವೆಷ್ಟು? ಒಂದು ಸಾವಿರ ರೂಪಾಯಿಯವರೆಗೆ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಟೊಮೇಟೊದ ಒಂದು ಪೆಟ್ಟಿಗೆಯು ಎರಡು ಸಾವಿರ ರೂಪಾಯಿಗಳನ್ನು ಮೀರಿ ಮಾರಿತು. ಸುಳ್ಳು ವಿಶ್ವವಿದ್ಯಾನಿಲಯವನ್ನು ನಡೆಸಿದ ದಂಡವು ಅರ್ಧ ಪೆಟ್ಟಿಗೆಯ ಬೆಲೆಗೆ ಸರಿಹೋಯಿತು! ಖೋಟಾ ದಸ್ತಾವೇಜಿನ ಶಿಕ್ಷೆಯಾದರೋ ಕಠಿನವಾದುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 336ನೆಯ ಕಲಮಿನಂತೆ ವಂಚನೆಗಾಗಿ ಖೋಟಾಪತ್ರವನ್ನು ಮಾಡಿದವನಿಗೆ ಏಳು ವರ್ಷಗಳವರೆಗೆ ಸೆರೆವಾಸವುಂಟು. ತಿಳಿದೂ ತಿಳಿದೂ ಅದನ್ನು ನಿಜವೆಂದು ಬಳಸಿದವನೂ ಮಾಡಿದವನಂತೆಯೇ ಅಪರಾಧಿಯೆಂದು 340ನೆಯ ಕಲಮು ಹೇಳುವುದು. ಈ ಎರಡನೆಯ ಸಂಗತಿಯನ್ನು ದಲ್ಲಾಳಿಯು ಹುಡುಗನ ತಂದೆಗೆ ಹೇಳುವುದಿಲ್ಲ. ಹಣವು ದಲ್ಲಾಳಿಯ ಪಾಲು, ಕಟ್ಟೆ ಹತ್ತುವುದು ಹುಡುಗನ ಪಾಲು.

ಶ್ರೀನಿವಾಸಪುರದ ಮಾವಿನ ತೋಟದವರು ಈ ವಿಷಯವನ್ನು ಬೇಗನೆ ಗ್ರಹಿಸುವರು. ಬಾದಾಮಿಯೆಂದು ಹೇಳಿ ಯಾವುದೋ ಕಾಡುಗಿಡವನ್ನು ಮಾರಿದರೆ ಎಲೆಯನ್ನು ನೋಡಿ ಒಡನೆಯೇ ಹೇಳುವುದು ಎಲ್ಲರಿಂದಲೂ ಆಗದು. ನೀರೆರೆದು, ಬೇಲಿ ಕಟ್ಟಿ, ನಾಲ್ಕೈದು ವರ್ಷ ಕಾದು ಕಾಯಿ ಬಿಟ್ಟಾಗಲೇ ಮೋಸವು ತಿಳಿಯುವುದು; ಅಷ್ಟು ಹೊತ್ತಿಗೆ ಮಾರಿದವನು ಊರಿನಲ್ಲಿರುವುದಿಲ್ಲ. ತೋಟದಲ್ಲಾದರೆ ಮರವನ್ನು ಕಡಿದು ಮತ್ತೊಂದನ್ನು ನೆಡಬಹುದು. ಪದವಿಯ ಫಲವು ಕಾಣಿಸುವುದು ಸೇತುವೆಯಲ್ಲಿ, ಮಕ್ಕಳ ಪಾಠದಲ್ಲಿ, ರೋಗಿಯ ನಾಡಿಯಲ್ಲಿ. ಗಡಿಯ ಹಳ್ಳಿಗಳಲ್ಲಿ ಸೂಜಿಯನ್ನು ಚುಚ್ಚುವವನನ್ನೆಲ್ಲ 'ಡಾಕ್ಟರು' ಎಂದು ಕರೆಯುವ ಅಭ್ಯಾಸವುಂಟು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯು ನೋಂದಣಿಯಿಲ್ಲದೆ ವೈದ್ಯ ಮಾಡುವವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸುವುದು. ಖಾಸಗಿ ಚಿಕಿತ್ಸಾಲಯಗಳು ತಮ್ಮ ನೋಂದಣಿಪತ್ರವನ್ನು ಕಾಣುವಂತೆ ತೂಗುಹಾಕಬೇಕೆಂದು ಕರ್ನಾಟಕದ 2007ರ ಕಾಯಿದೆಯು ವಿಧಿಸಿದೆ. ಮಗುವಿಗೆ ಜ್ವರ ಬಂದಾಗ ತಾಯಿಯು ಗೋಡೆಯ ಮೇಲಿನ ಪತ್ರವನ್ನು ಓದುತ್ತ ನಿಲ್ಲಲಾರಳು. ಅದನ್ನು ಮೊದಲೇ ನೋಡಿಡಬೇಕಾದವರು ಊರಿನ ಹಿರಿಯರು.

ಎಲ್ಲ ಸಂಶಯವೂ ಮೋಸದಿಂದಲೇ ಹುಟ್ಟುವುದೆಂದು ತಿಳಿಯಕೂಡದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ಶಾಸನಬದ್ಧವಾಗಿ ಸ್ಥಾಪಿತವಾದುದು. ಆದರೂ ಅದು 2012–13ರ ತರುವಾಯ ನಡೆಸಿದ ತರಗತಿಗಳಿಗೆ ಮಾನ್ಯತೆಯಿಲ್ಲವೆಂದು ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮತ್ತೆ ಮಾನ್ಯತೆಯು ದೊರೆಯಿತು. ನಡುವಿನ ಕಾಲದಲ್ಲಿ ಪ್ರಾಮಾಣಿಕವಾಗಿ ಶುಲ್ಕವನ್ನು ಕಟ್ಟಿ ಓದಿದವರು ತಮ್ಮದಲ್ಲದ ತಪ್ಪಿಗೆ ಅಲೆದಾಡಿದರು. ಇವರನ್ನೂ ಖೋಟಾಪತ್ರದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅನ್ಯಾಯ. ಅದರಿಂದ ಕಲಿಯತಕ್ಕ ಪಾಠವಿಷ್ಟೆ: ಸಂಸ್ಥೆಯ ಹೆಸರನ್ನು ಮಾತ್ರವಲ್ಲದೆ, ಸೇರುವ ವರ್ಷದಲ್ಲಿ ಆ ತರಗತಿಗೆ ಮಾನ್ಯತೆಯುಂಟೆ ಎಂಬುದನ್ನೂ ಕೇಳಬೇಕು.

ಈಗ ಸ್ವಲ್ಪ ಕಹಿಯಾದ ಮಾತು. ಕೃತಕ ಪದವಿಗಳಲ್ಲೆಲ್ಲ ನಿರ್ಲಜ್ಜವಾದುದು ಹಣಕ್ಕೆ ಸಿಕ್ಕುವ 'ಗೌರವ ಡಾಕ್ಟರೇಟು'. 2020ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ಇಂಥ ಪದವಿಪ್ರದಾನದ ಸಮಾರಂಭವೇ ಏರ್ಪಟ್ಟು, ಪೊಲೀಸರು ಹೋಗಿ ಅದನ್ನು ತಡೆಯಬೇಕಾಯಿತು. ಹೊಲಿಸಿದ ನಿಲುವಂಗಿಗಳೂ ಶಾಲುಗಳೂ ದೊರೆಯುವವರೆಗೆ ಇಂಥ ವಿಶ್ವವಿದ್ಯಾನಿಲಯಗಳಿಗೆ ಬೇರೆ ಬಂಡವಾಳವು ಬೇಕಾಗದು. ಇದನ್ನು ಕೊಳ್ಳುವವರು ಹೊಟ್ಟೆಗಿಲ್ಲದ ಹುಡುಗರಲ್ಲ. ಉಂಡುಟ್ಟು ಸುಖವಾಗಿರುವ ಗಣ್ಯರು. ಅವರ ಹೆಸರಿನ ಹಿಂದೆ ಆ ಎರಡಕ್ಷರವನ್ನು ಮುದ್ರಿಸಿ ಊರೂರಿಗೆ ಹಂಚುವವರು ಯಾರು? ಸಂಘಗಳು, ಸಭೆಗಳು, ಹೇಳಲು ಸಂಕೋಚವಾದರೂ, ಮಠಗಳ ಆಮಂತ್ರಣಪತ್ರಿಕೆಗಳು. ಕಾಯಕವಿಲ್ಲದ ಗಳಿಕೆಯನ್ನು ಒಲ್ಲೆನೆಂದ ಶರಣರ ಪೀಠಗಳಲ್ಲಿ ಓದಿಲ್ಲದ ಪದವಿಗೆ ಹಾರ ಬೀಳುವುದಾದರೆ, ಅಂಕಪಟ್ಟಿಯನ್ನು ಕೊಂಡ ಹುಡುಗನಿಗೆ ಬುದ್ಧಿ ಹೇಳಲು ಯಾವ ಬಾಯಿ ಉಳಿದೀತು? ದಾತೃಗಳು ಮುನಿಸಿಕೊಳ್ಳುವರೆಂಬ ಅಂಜಿಕೆಯು ಸಹಜವೇ. ಆದರೂ ಪದವಿಯನ್ನಿತ್ತ ವಿಶ್ವವಿದ್ಯಾನಿಲಯ ಯಾವುದೆಂದು ಮುದ್ರಣಕ್ಕೆ ಮೊದಲು ವಿನಯದಿಂದ ಕೇಳುವುದು ಯಾರಿಗೂ ಅವಮಾನವಲ್ಲ. ನಿಜವಾಗಿ ಓದಿದವರು ಸಂತೋಷದಿಂದಲೇ ಹೇಳುವರು.

ಪರೀಕ್ಷಿಸುವ ಉಪಾಯಗಳು ಈಗ ಕಷ್ಟವಲ್ಲ. 2017ರ ಜುಲೈ 9ರಂದು ಆರಂಭವಾದ ರಾಷ್ಟ್ರೀಯ ಶೈಕ್ಷಣಿಕ ಭಂಡಾರವು ಇಂದು ಡಿಜಿಲಾಕರಿನ ಮೂಲಕ ನಡೆಯುತ್ತಿದ್ದು, ಅದಕ್ಕೆ ಸೇರಿದ ವಿಶ್ವವಿದ್ಯಾನಿಲಯಗಳ ಪ್ರಮಾಣಪತ್ರಗಳನ್ನು ಕೈಫೋನಿನಲ್ಲಿಯೇ ಕಾಣಬಹುದು. ಅಲ್ಲಿ ಸಿಕ್ಕದ ಹಳೆಯ ಪತ್ರಗಳ ಬಗ್ಗೆ ಪರೀಕ್ಷಾಂಗದ ಕುಲಸಚಿವರಿಗೆ ಬರೆದು ಕೇಳಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಮಕ್ಕಳು ಮದನಪಲ್ಲಿ, ಕುಪ್ಪಂಗಳ ಕಡೆಗೂ ಮಾಲೂರಿನವರು ಹೊಸೂರಿನ ಕಡೆಗೂ ಓದಲು ಹೋಗುವುದುಂಟು. ನರಸಾಪುರ, ಮಾಲೂರುಗಳ ಕಾರ್ಖಾನೆಗಳಲ್ಲಿ ಹೀಗೆ ಮೂರು ರಾಜ್ಯಗಳ ಪತ್ರಗಳು ಒಂದೇ ಮೇಜಿನ ಮೇಲೆ ಬಂದು ಬೀಳುವುವು. ಪರರಾಜ್ಯದ್ದೆಂದು ಅನುಮಾನಿಸುವುದೂ ತಪ್ಪು, ದೂರದ್ದೆಂದು ವಿಚಾರಿಸದೆ ಬಿಡುವುದೂ ತಪ್ಪು. ಕುಪ್ಪಂನಲ್ಲಿ 1997ರಿಂದ ದ್ರಾವಿಡ ವಿಶ್ವವಿದ್ಯಾನಿಲಯವು ಶಾಸನಬದ್ಧವಾಗಿಯೇ ಉಂಟು.

ಆದರೆ ವಿಚಾರಣೆ, ಶಿಕ್ಷೆ ಇವು ರೋಗವು ಬಂದ ಮೇಲಿನ ಔಷಧ. ಹತ್ತನೆಯ ತರಗತಿಯಲ್ಲಿ ತಪ್ಪಿದ ಹುಡುಗನು ದಲ್ಲಾಳಿಯ ಕೈಗೆ ಸಿಕ್ಕುವುದು ಫಲಿತಾಂಶವು ಬಂದ ವಾರದಲ್ಲಿ. ಮನೆಯಲ್ಲಿ ಬೈಗುಳ, ಓರಗೆಯವರ ನಗು, ಗೋಡೆಯ ಮೇಲೆ "ಒಂದೇ ಸಲಕ್ಕೆ ಪಾಸು" ಎಂಬ ಬರಹ. ತಂದೆಯು ರೇಷ್ಮೆಗೂಡಿನ ಹಣವನ್ನೋ ಹಾಲಿನ ಬಟವಾಡೆಯನ್ನೋ ತಂದು ಕೊಟ್ಟುಬಿಡುವನು. ನಿಜವಾದ ಬಾಗಿಲುಗಳು ತೆರೆದಿರುವುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ತಪ್ಪಿದವನು ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆಗೆ ಕೂಡಬಹುದು. 2024ರಲ್ಲಂತೂ ರಾಜ್ಯದ ಮಂಡಲಿಯು ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆಯನ್ನು ನಡೆಯಿಸಿತು. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಒಂದೊಂದೇ ವಿಷಯವನ್ನು ನಿಧಾನವಾಗಿ ಮುಗಿಸಲು ಅವಕಾಶವುಂಟು. ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿ ಫಲಿತಾಂಶವು ಬಂದ ಮರುದಿನದಿಂದ ಎರಡು ವಾರಗಳ ಕಾಲ, ಸಂಜೆಯ ಹೊತ್ತು, ಬಲ್ಲ ಉಪಾಧ್ಯಾಯರೊಬ್ಬರು ಅರ್ಜಿಗಳನ್ನು ಇಟ್ಟುಕೊಂಡು ಕುಳಿತಿರುವಂತೆ ಏರ್ಪಡಿಸಬಹುದು. ಬಂದವನು ಯಾವ ಕುಲದವನೆಂದು ಕೇಳದೆ, ಯಾವ ವಿಷಯದಲ್ಲಿ ತಪ್ಪಿತೆಂದು ಕೇಳಿ, ಅರ್ಜಿಯನ್ನು ತುಂಬಿಸಿ, ಗಣಿತಕ್ಕೂ ಇಂಗ್ಲಿಷಿಗೂ ಪಾಠ ಹೇಳಿಸಿ, ದಾಸೋಹದಲ್ಲಿ ಊಟವಿಕ್ಕಿ ಕಳುಹಿಸಿದರೆ, ಗೋಡೆಯ ಮೇಲಿನ ಬರಹವನ್ನು ಓದಲು ಆ ಹುಡುಗನಿಗೆ ಬಿಡುವಿರುವುದಿಲ್ಲ.