ತೊಟ್ಟಿಯಲ್ಲಿ ಬೆಳೆಯುವ ಬೆಳೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ದುಡಿಮೆಯಿಂದ. ನಮ್ಮ ಅಡುಗೆಮನೆಗಳು ತಲೆತಲಾಂತರದಿಂದ ಅವುಗಳನ್ನು ದುಡಿಸಿಕೊಂಡಿವೆ. ಆದರೆ ಅವುಗಳ ಒಳಗಿನ ವಂಶವಾಹಿ ಬರಹವನ್ನೇ ತಿದ್ದುವ ಶಕ್ತಿ ಮನುಷ್ಯನಿಗೆ ಬಂದದ್ದು ಇತ್ತೀಚೆಗೆ. 2010ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಅವರ ತಂಡ, ಒಂದು ಬ್ಯಾಕ್ಟೀರಿಯಾದ ಹತ್ತು ಲಕ್ಷಕ್ಕೂ ಮಿಕ್ಕಿದ ಅಕ್ಷರಗಳ ಬರಹವನ್ನು ಗಣಕದ ಮಾಹಿತಿಯಿಂದ ಪ್ರಯೋಗಾಲಯದಲ್ಲಿ ಜೋಡಿಸಿ, ಇನ್ನೊಂದು ಜೀವಕೋಶಕ್ಕೆ ಸೇರಿಸಿತು. ಆ ಕೋಶ ಬದುಕಿತು, ವಂಶವನ್ನೂ ಬೆಳೆಸಿತು. ಈ ವಿದ್ಯೆಗೆ ಸಂಶ್ಲೇಷಿತ ಜೀವವಿಜ್ಞಾನವೆಂದು ಹೆಸರು.

ಬೆಟ್ಟದ ಊರುಗಳಿಗೂ ಇದಕ್ಕೂ ಏನು ಸಂಬಂಧ? ಒಂದು ಗಿಡದ ಕಥೆಯಿಂದ ಅದನ್ನು ತಿಳಿಯಬಹುದು. ನಮ್ಮ ದವನದ ಕುಲಕ್ಕೇ ಸೇರಿದ ಆರ್ಟಿಮೀಸಿಯಾ ಆನ್ಯುವಾ ಎಂಬ ಗಿಡದಿಂದ ಚೀನಾದ ವಿಜ್ಞಾನಿ ತು ಯೂಯೂ ಅವರ ತಂಡ 1972ರಲ್ಲಿ ಮಲೇರಿಯಾದ ಮದ್ದಾದ ಆರ್ಟಿಮಿಸಿನಿನ್ ಅನ್ನು ಬೇರ್ಪಡಿಸಿತು. ಅದಕ್ಕಾಗಿ ಆಕೆಗೆ 2015ರಲ್ಲಿ ನೊಬೆಲ್ ಬಂದಿತು. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾಗಳ ಸಣ್ಣ ರೈತರು ಆ ಗಿಡವನ್ನು ಬೆಳೆದರು. 2006ರಲ್ಲಿ ಕ್ಯಾಲಿಫೋರ್ನಿಯಾದ ಜೇ ಕೀಸ್ಲಿಂಗ್ ಅವರ ತಂಡ ಆ ಗಿಡದ ವಂಶವಾಹಿಗಳನ್ನು ಯೀಸ್ಟಿಗೆ ಸೇರಿಸಿ, ಮದ್ದಿನ ಮೂಲವಸ್ತುವನ್ನು ಹುದುಗಿನಿಂದಲೇ ಪಡೆಯಿತು. 2013ರಲ್ಲಿ ಸನೋಫಿ ಕಂಪನಿ ಇಟಲಿಯಲ್ಲಿ ಅದರ ದೊಡ್ಡ ಪ್ರಮಾಣದ ತಯಾರಿಕೆಗೆ ತೊಡಗಿತು.

ಆದರೆ ಕಾರ್ಖಾನೆಯ ಸರಕಿನ ಬೆಲೆ ಕಿಲೋಗೆ 350ರಿಂದ 400 ಡಾಲರ್. ಅಷ್ಟರಲ್ಲಿ ಹೊಲದ ಸರಕು 250 ಡಾಲರಿಗಿಂತ ಕೆಳಗಿಳಿದಿತ್ತು. ಕೆಲವೇ ವರ್ಷಗಳಲ್ಲಿ ಸನೋಫಿ ಆ ಘಟಕವನ್ನು ಮಾರಿತು. ರೈತ ಗೆದ್ದನೆಂದು ಹಿಗ್ಗುವಂತಿಲ್ಲ. ಇಳಿದ ಆ ಬೆಲೆಯೇ ರೈತನ ಕೈಗೆ ಸಿಕ್ಕ ಬೆಲೆಯ ಮೂಲ. ಮದ್ದು ಅಗ್ಗವಾಗಬೇಕೆಂಬ ರೋಗಿಯ ಹಕ್ಕನ್ನು ನಾವು ಅಲ್ಲಗಳೆಯಲಾರೆವು. ಆದರೆ ಬೆಳೆಗಾರನ ಬದುಕನ್ನು ಲೆಕ್ಕಕ್ಕೆ ಹಿಡಿಯದ ಅಗ್ಗ ಯಾರ ಹೆಗಲ ಮೇಲೆ ಕೂರುತ್ತದೆಂದು ಕೇಳಲೇಬೇಕು.

ವೆನಿಲಾ ಬಳ್ಳಿಯ ಏರಿಳಿತ ಮಲೆನಾಡಿಗೆ ಗೊತ್ತಿರುವುದೇ. 2003ರ ಸುಮಾರಿಗೆ ಗಗನಕ್ಕೇರಿದ ಬೆಲೆ ಬೇಗನೆ ನೆಲಕಚ್ಚಿತು. ಅದಕ್ಕೆ ಸೂಕ್ಷ್ಮಜೀವಿಗಳು ಹೊಣೆಯಲ್ಲ. ಮಡಗಾಸ್ಕರ್ ದ್ವೀಪದ ಫಸಲು ಮರಳಿ ಬಂದದ್ದು ಮುಖ್ಯ ಕಾರಣ. ಆದರೆ 2014ರಿಂದ ಯೀಸ್ಟು ತಯಾರಿಸಿದ ವೆನಿಲಿನ್ ಕೂಡ ಮಾರುಕಟ್ಟೆಗೆ ಬಂದಿದೆ. ಹುದುಗಿನಿಂದ ಬಂದ ಪರಿಮಳಕ್ಕೆ 'ನೈಸರ್ಗಿಕ' ಎಂಬ ಹೆಸರು ಹಚ್ಚಲು ಅಮೆರಿಕದ ನಿಯಮಗಳಲ್ಲಿ ಅವಕಾಶವಿದೆ. ಒಂದೊಂದು ಹೂವಿಗೂ ಕೈಯಿಂದ ಪರಾಗಸ್ಪರ್ಶ ಮಾಡುವವರ ಶ್ರಮಕ್ಕೂ ಉಕ್ಕಿನ ತೊಟ್ಟಿಗೂ ಒಂದೇ ಹೆಸರು!

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹಿಂದೆ ಕಾಡಿನ ಗಿಡವನ್ನು ಒಯ್ಯಲು ಚೀಲ ಬೇಕಿತ್ತು; ಚೆಕ್‌ಪೋಸ್ಟಿನಲ್ಲಿ ತಡೆಯಬಹುದಿತ್ತು. ಇಂದು ಗಿಡದ ಅಥವಾ ಒಂದು ಹಿಡಿ ಮಣ್ಣಿನ ಸೂಕ್ಷ್ಮಜೀವಿಯ ವಂಶವಾಹಿ ಬರಹವಿದ್ದರೆ ಸಾಕು, ಅದು ಕ್ಷಣದಲ್ಲಿ ಗಡಿ ದಾಟುತ್ತದೆ. ಇಂಥ ಮಾಹಿತಿಯಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದ ಶೇ. 1ರಷ್ಟನ್ನು ಅಥವಾ ವಹಿವಾಟಿನ ಶೇ. 0.1ರಷ್ಟನ್ನು ಒಂದು ನಿಧಿಗೆ ಕೊಡಲೆಂದು, 2024ರಲ್ಲಿ ಕೊಲಂಬಿಯಾದ ಕ್ಯಾಲಿಯಲ್ಲಿ ಸೇರಿದ ರಾಷ್ಟ್ರಗಳು ತೀರ್ಮಾನಿಸಿದವು. ಆದರೆ ಅದು ಕಡ್ಡಾಯವಲ್ಲ.

ನಮ್ಮ ಕೈಯಲ್ಲಿ ಏನಿದೆ? 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನರ ಅರಿವಿನಿಂದ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಕೆಲಸ. ನಿಮ್ಮೂರಿನ ದಾಖಲೆ ಯಾರು ಬರೆದರು, ಯಾರನ್ನು ಕೇಳಿ ಬರೆದರು? ಗ್ರಾಮಸಭೆಯಲ್ಲಿ ಅದನ್ನು ತರಿಸಿ ಓದಿಸಿರಿ. ವಿದ್ಯಾರ್ಥಿಗಳೇ, ಅಜ್ಜಿಯಂದಿರಿಗೆ ಗೊತ್ತಿರುವ ಗಿಡಮೂಲಿಕೆಗಳನ್ನು, ಗದ್ದೆಯ ಭತ್ತದ ತಳಿಗಳನ್ನು ಸಮಿತಿಯ ಮೂಲಕವೇ ದಾಖಲಿಸಿರಿ, ಸಿಕ್ಕಸಿಕ್ಕವರಿಗೆ ಕೊಡದಿರಿ. ಮಾದರಿ ಕೇಳಿಕೊಂಡು ಬರುವವರು ಸಮಿತಿಯ ಮುಂದೆ ಕುಳಿತು, ಏತಕ್ಕೆಂದು ಹೇಳಲಿ.

ದಾಖಲೆಯೊಂದರಿಂದಲೇ ಬೆಲೆ ನಿಲ್ಲದು, ನಿಜ. ಆದರೆ ಬರೆದಿಡದ ಸಂಪತ್ತು ಕಳುವಾದರೆ ದೂರು ಕೊಡಲೂ ಆಗದು. ವಿಜ್ಞಾನವನ್ನು ಬೈದು ಕೂರುವುದಕ್ಕಿಂತ ಅದನ್ನು ಅರಿತು, ನಮ್ಮ ಪಾಲನ್ನು ಕೇಳೋಣ.