ಒಬ್ಬ ರೈತ ಗೃಹಸ್ಥರ ಸ್ಮರಣೆ
(ಶತಮಾನೋತ್ಸವ ಸಂದರ್ಭದಲ್ಲಿ ನೀಡಿದ ಭಾಷಣ)



ಈ ಉತ್ಸವದಲ್ಲಿ ಗುರುವರ್ಯರ ಸೇವೆಯ ಸ್ಮರಣೆ ಧಾರಾಳವಾಗಿ ಆಗಿದೆ, ಆಗತಕ್ಕದ್ದೇ. ನಾನಾದರೋ ನಮ್ಮಲ್ಲಿ ಬಹುಮಂದಿಯಂತೆ ನೇಗಿಲನ್ನೇ ನಂಬಿದ್ದ ಒಬ್ಬ ಗೃಹಸ್ಥರನ್ನು ನೆನೆಯಬಯಸುತ್ತೇನೆ. ಅವರು ನಮ್ಮ ನಾಡಿನವರಲ್ಲ. ಆಸ್ಟ್ರಿಯ ದೇಶದ ಸಂತ ರಾಡೆಗುಂಡ್ ಎಂಬ ಹಳ್ಳಿಯವರು. ಹೆಸರು ಫ್ರಾಂಜ್ ಯೇಗರ್‌ಸ್ಟೆಟರ್.

1907ರ ಮೇ 20ರಂದು ಬಡ ಕೆಲಸದಾಕೆಯ ಮಗನಾಗಿ ಜನಿಸಿದ ಅವರನ್ನು ಮುಂದೆ ತಾಯಿಯ ಕೈಹಿಡಿದ ರೈತರು ದತ್ತು ತೆಗೆದುಕೊಂಡರು. ಯೌವನದಲ್ಲಿ ಅವರೇನೂ ಸಂತರಾಗಿರಲಿಲ್ಲ. ಕಬ್ಬಿಣದ ಗಣಿಯಲ್ಲಿ ದುಡಿದರು, ಊರಿಗೆ ಮೊದಲ ಮೋಟಾರು ಸೈಕಲ್ಲನ್ನು ತಂದರು, ಮದುವೆಗೆ ಮುನ್ನವೇ ಒಂದು ಹೆಣ್ಣುಮಗುವಿನ ತಂದೆಯಾದರು. ಇದನ್ನು ಮರೆಮಾಚಿ ಪುಣ್ಯಪುರುಷರ ಚರಿತ್ರೆ ಹೇಳುವುದು ನನಗೆ ಹಿಡಿಸದು. 1936ರ ಪವಿತ್ರ ಗುರುವಾರದಂದು ಫ್ರಾಂಜಿಸ್ಕಾ ಎಂಬಾಕೆಯನ್ನು ವಿವಾಹವಾದರು. ದಂಪತಿಗಳು ರೋಮ್ ಯಾತ್ರೆ ಮಾಡಿಬಂದರು. ಮೂವರು ಹೆಣ್ಣುಮಕ್ಕಳಾದರು. ದಾಂಪತ್ಯದಲ್ಲಿ ಇಷ್ಟು ಸುಖವಿದ್ದೀತೆಂದು ತಾವು ಎಣಿಸಿಯೇ ಇರಲಿಲ್ಲವೆಂದು ಅವರು ಪತ್ನಿಗೆ ಹೇಳಿದ್ದುಂಟು. ಹೊಲದ ಕೆಲಸದ ಜೊತೆಗೆ, 1941ರಿಂದ ಊರ ದೇವಾಲಯದ ಪೂಜಾಸಿದ್ಧತೆಯ ಸೇವೆಯೂ ಅವರದಾಯಿತು.

ಜರ್ಮನಿಯು ಆಸ್ಟ್ರಿಯವನ್ನು ನುಂಗಿದಾಗ, 1938ರ ಏಪ್ರಿಲ್ 10ರ ಮತದಾನದಲ್ಲಿ ಆ ಹಳ್ಳಿಯಿಂದ ವಿರೋಧಮತವಿತ್ತವರು ಅವರೊಬ್ಬರೇ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದರಲ್ಲಿ ಆಯುಧ ಹಿಡಿಯುವುದು ಪಾಪವೆಂದು ಅವರ ಅಂತರಾತ್ಮ ನುಡಿಯಿತು. ಬಂಧುಗಳು, ಗುರುಗಳು, ಲಿನ್ಸ್ ನಗರದ ಬಿಷಪರೂ ಸಹ, ಹೆಂಡತಿ ಮಕ್ಕಳ ಹೊಣೆಯನ್ನು ನೆನಪಿಸಿದರು. ಆ ಹಿತವಚನದಲ್ಲಿ ಕೇಡಿತ್ತೆಂದು ನಾನು ಹೇಳಲಾರೆ. ಅವರ ಜಾಗದಲ್ಲಿದ್ದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಫ್ರಾಂಜಿಸ್ಕಾ ಕೂಡ ಮೊದಲು ತಡೆಯಲೆತ್ನಿಸಿದರು. ಎಲ್ಲರೂ ಪತಿಗೆ ಎದುರಾದುದನ್ನು ಕಂಡಾಗ, ತಾನೂ ಕೈಬಿಟ್ಟರೆ ಅವರಿಗೆ ಯಾರೂ ಇಲ್ಲವೆಂದು ಬಗೆದು ಜೊತೆಗೆ ನಿಂತರು.

1943ರ ಮಾರ್ಚ್‌ನಲ್ಲಿ ಸೈನ್ಯದ ಕರೆಗೆ ಹಾಜರಾಗಿ, ಹೋರಾಡಲಾರೆನೆಂದು ತಿಳಿಸಿದರು. ಗಾಯಾಳುಗಳ ಶುಶ್ರೂಷೆಯನ್ನಾದರೂ ಮಾಡುವೆನೆಂದ ಕೋರಿಕೆ ಪುರಸ್ಕೃತವಾಗಲಿಲ್ಲ. ಸೆರೆಮನೆಗೆ ಒಂದು ಛಾಯಾಚಿತ್ರ ಬಂದಿತು: ಅಪ್ಪಾ, ಬೇಗ ಬನ್ನಿ ಎಂಬರ್ಥದ ಬರಹವನ್ನು ಹಿಡಿದು ನಿಂತ ಮೂವರು ಪುಟಾಣಿಗಳು. ಹಿರಿಯವಳಿಗೆ ಆರು ತುಂಬಿರಲಿಲ್ಲ. ಇಂತಹವರನ್ನು ಕುಟುಂಬವತ್ಸಲರೆನ್ನುವುದು ಹೇಗೆಂದು ಕೇಳುವವರುಂಟು. ಹೆಂಡತಿ ಮಕ್ಕಳಿದ್ದಾರೆಂಬ ನೆವದಿಂದ ದೇವರ ಮನ ನೋಯಿಸಲು ಅನುಮತಿ ದೊರೆಯುವುದೆಂದು ತಾವು ನಂಬಲಾರೆವೆಂದು ಅವರು ಬರೆದಿಟ್ಟಿದ್ದಾರೆ. ಆದರೂ ಆ ಚಿತ್ರವನ್ನು ನೋಡಿದ ತಂದೆಯ ಎದೆಯಲ್ಲಿ ಆದುದೇನೆಂದು ಮಕ್ಕಳುಳ್ಳ ತಮಗೆ ನಾನು ವಿವರಿಸಬೇಕಿಲ್ಲ.

ಜುಲೈ 6ರಂದು ಬರ್ಲಿನ್ನಿನಲ್ಲಿ ಮರಣದಂಡನೆ ವಿಧಿಸಲಾಯಿತು. ಅದೇ ತಿಂಗಳು, ಊರಿನ ಗುರುಗಳೊಡನೆ ದೂರ ಪಯಣಿಸಿ ಬಂದ ಪತ್ನಿಗೆ ದೊರೆತ ಭೇಟಿ ಇಪ್ಪತ್ತು ನಿಮಿಷದ್ದು. ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗಿನಲ್ಲಿ ಅವರ ಶಿರಚ್ಛೇದವಾಯಿತು. ವಯಸ್ಸು ಮೂವತ್ತಾರು.

ಫ್ರಾಂಜಿಸ್ಕಾ ಹೊಲ ನಡೆಸಿ ಮಕ್ಕಳನ್ನು ಬೆಳೆಸಿದರು. ಗಂಡನನ್ನು ಈಕೆಯ ಭಕ್ತಿಯೇ ಕೆಡಿಸಿತೆಂದು ನೆರೆಹೊರೆಯವರು ಆಡಿಕೊಂಡರು. ವಿಧವಾ ವೇತನ 1950ರವರೆಗೆ ಸಿಗಲಿಲ್ಲ. 1946ರಲ್ಲಿ ಪತಿಯ ಚಿತಾಭಸ್ಮ ಊರಿಗೆ ಬಂದು, ಅವರು ಸೇವೆಗೈದ ದೇವಾಲಯದ ಗೋಡೆಯ ಪಕ್ಕದಲ್ಲಿಯೇ ಮಣ್ಣಾಯಿತು. 2007ರ ಅಕ್ಟೋಬರ್ 26ರಂದು ಲಿನ್ಸ್ ನಗರದಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ, ತೊಂಬತ್ತನಾಲ್ಕು ವರ್ಷದ ಪತ್ನಿ ಆ ಪೂಜೆಯಲ್ಲಿದ್ದರು.