ಬಂಗಾರದ ಮೀನಿಗೆ ಹುದುಗಿಸಿದ ಊಟ



ಗಾಜಿನ ತೊಟ್ಟಿಯ ಬಂಗಾರದ ಮೀನಿಗೆ ಚಿಟಿಕೆ ಕಾಳು ಉದುರಿಸಿದರೆ ಅದು ಬಾಯಿ ತೆರೆದು ಮೇಲೆ ಬರುವುದನ್ನು ನೀವು ನೋಡಿರುತ್ತೀರಿ. ಆ ಕಾಳಿನ ಡಬ್ಬಿಯ ಚೀಟಿಯನ್ನು ಒಮ್ಮೆ ಓದಿ. ಅನೇಕ ಡಬ್ಬಿಗಳಲ್ಲಿ ಮೊದಲು ಕಾಣುವ ಹೆಸರು ಫಿಶ್‌ಮೀಲ್, ಅಂದರೆ ಮೀನಿನ ಹಿಟ್ಟು. ಸಮುದ್ರದ ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡಿದ್ದು ಅದು. ಒಳ್ಳೆಯ ಹಿಟ್ಟಿನಲ್ಲಿ ಶೇಕಡಾ 60ಕ್ಕೂ ಹೆಚ್ಚು ಪ್ರೋಟೀನ್ ಇರುತ್ತದೆ. ಆದರೆ ಒಂದು ಕಿಲೋ ಹಿಟ್ಟಿಗೆ ಸುಮಾರು 4ರಿಂದ 5 ಕಿಲೋ ಹಸಿ ಮೀನು ಬೇಕು. ಪೆರು ದೇಶದಲ್ಲಿ ಆಂಚೊವೆಟಾ ಹೀಗೆ ಹಿಟ್ಟಾಗುತ್ತದೆ, ನಮ್ಮ ಕರಾವಳಿಯಲ್ಲಿ ಬೂತಾಯಿ. ಬೂತಾಯಿ ಬಡವರ ಊಟದ ಮೀನು. ಸಿಗಡಿ ಸಾಕಣೆಯ ಮುಂದೆ ಅಲಂಕಾರದ ಮೀನುಗಳ ಪಾಲು ಅಲ್ಪವೇ ಸರಿ. ಆದರೂ ಊಟದ ಮೀನನ್ನು ನೋಟದ ಮೀನಿಗೆ ಹಾಕುವುದು ನನಗಂತೂ ದುಬಾರಿ ವ್ಯವಹಾರವೆನಿಸುತ್ತದೆ.

ಬದಲಿಗೆ ಸೋಯಾ ಹಿಂಡಿ ಹಾಕಬಾರದೇ? ಅದರಲ್ಲಿ ಶೇಕಡಾ 44ರಿಂದ 48 ಪ್ರೋಟೀನ್ ಇದೆ. ಆದರೆ ಯಾವ ಗಿಡವೂ ಇನ್ನೊಬ್ಬರು ತಿನ್ನಲೆಂದು ಬೀಜ ಕಟ್ಟುವುದಿಲ್ಲ. ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ವಸ್ತು ಸೋಯಾದಲ್ಲಿದೆ. ಚೆನ್ನಾಗಿ ಕಾಯಿಸಿದರೆ ಅದು ಬಹುಮಟ್ಟಿಗೆ ನಾಶವಾಗುತ್ತದೆ. ಕಾಯಿಸಿದರೂ ಜಗ್ಗದ್ದು ಫೈಟಿಕ್ ಆಮ್ಲ. ಬೀಜದ ರಂಜಕದ ಬಹುಭಾಗ ಅದರೊಳಗೆ ಸೆರೆಯಾಗಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಫೈಟೇಸ್.

ಹಾಗಾದರೆ ಫೈಟೇಸನ್ನೇ ಕಾಳಿಗೆ ಬೆರೆಸಿದರಾಯಿತಲ್ಲ ಎಂದು ನೀವು ಕೇಳಬಹುದು. ಇಲ್ಲೊಂದು ಸ್ವಾರಸ್ಯವಿದೆ. ಬಂಗಾರದ ಮೀನು ನಮ್ಮ ಕೆರೆಗಳ ಕಾಟ್ಲಾ, ರೋಹುಗಳಂತೆ ಗೆಂಡೆಯ ಬಳಗದ್ದು. ಈ ಬಳಗಕ್ಕೆ ಜಠರವೇ ಇಲ್ಲ! ಅನ್ನನಾಳ ನೇರವಾಗಿ ಕರುಳನ್ನು ಸೇರುತ್ತದೆ. ಜಠರವಿಲ್ಲವೆಂದ ಮೇಲೆ ಜಠರದ ಆಮ್ಲವೂ ಇಲ್ಲ. ಸಾಮಾನ್ಯವಾಗಿ ಬಳಸುವ ಫೈಟೇಸ್‌ಗಳಾದರೋ ಆಮ್ಲದಲ್ಲಿ ಚುರುಕು, ಇಂಥ ಕರುಳಿನಲ್ಲಿ ಮಂದ.

ಆದ್ದರಿಂದ ಜಠರದ ಕೆಲಸವನ್ನು ಹೊರಗೇ ಮುಗಿಸಬೇಕು. ಹುದುಗಿಸುವುದೆಂದರೆ ಅದೇ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದನ್ನು ನೀವು ಬಲ್ಲಿರಿ. ಸೋಯಾ ಹಿಂಡಿಯನ್ನೂ ನೀರಿನಲ್ಲಿ ಕಲಸಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನೋ ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಬ್ಯಾಕ್ಟೀರಿಯಾವನ್ನೋ ಬೆರೆಸಿ ಬೆಚ್ಚಗಿಡುತ್ತಾರೆ. ಜಪಾನೀಯರು ಸೋಯಾ ಸಾಸ್‌ಗೆ ಶತಮಾನಗಳಿಂದ ಬಳಸುತ್ತಿರುವುದೂ ಇದೇ ಬೂಷ್ಟನ್ನು. ಈ ಜೀವಿಗಳು ದೊಡ್ಡ ಪ್ರೋಟೀನುಗಳನ್ನು ಸಣ್ಣ ಪೆಪ್ಟೈಡುಗಳಾಗಿ ತುಂಡರಿಸುತ್ತವೆ. ಫೈಟಿಕ್ ಆಮ್ಲದ ಒಂದು ಭಾಗವನ್ನು ಒಡೆಯುತ್ತವೆ. ಮೀನಿಗೆ ಅರಗದ ರಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳನ್ನು ತಾವೇ ತಿಂದುಬಿಡುತ್ತವೆ. ಆಮೇಲೆ ಒಣಗಿಸಿ ಪುಡಿ ಮಾಡುತ್ತಾರೆ.

ಕೆರೆಯಲ್ಲಾದರೆ ಜೀರ್ಣವಾಗದೆ ಹೊರಬಿದ್ದದ್ದು ಹರಡಿಹೋದೀತು. 40 ಲೀಟರ್ ತೊಟ್ಟಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಪ್ರೋಟೀನ್ ಕೊಳೆತು ಅಮೋನಿಯಾ ಆಗಿ ಕಿವಿರುಗಳನ್ನು ಕೆಡಿಸುತ್ತದೆ, ರಂಜಕ ಪಾಚಿಯನ್ನು ಬೆಳೆಸುತ್ತದೆ.

ಸೋಯಾದಲ್ಲಿ ಮೆಥಿಯೊನೀನ್ ಎಂಬ ಅಮೈನೋ ಆಮ್ಲ ಕಡಿಮೆ. ಹುದುಗಿಸಿದರೂ ಆ ಕೊರತೆ ಪೂರ್ತಿ ನೀಗದು. ಅದನ್ನು ಬೇರೆಯಾಗಿ ಸೇರಿಸಬೇಕು, ಇಲ್ಲವೇ ಸ್ವಲ್ಪ ಮೀನಿನ ಹಿಟ್ಟನ್ನು ಉಳಿಸಿಕೊಳ್ಳಬೇಕು. ಮೀನಿನ ಹಿಟ್ಟು ಇನ್ನು ಬೇಡವೇ ಬೇಡ ಎನ್ನುವ ಜಾಹೀರಾತನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ಇನ್ನು ಬಣ್ಣ. ಮೈಯ ಕೆಂಪಿಗೆ ಬೇಕಾದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ಮೂಲದಿಂದ ತಯಾರಿಸಲಾರದು. ಅವು ಆಹಾರದಿಂದಲೇ ಬರಬೇಕು. ಫಾಫಿಯಾ ಎಂಬ ಕೆಂಪು ಯೀಸ್ಟಿನಲ್ಲಿ ಪ್ರೋಟೀನಿನ ಜೊತೆಗೆ ಅಸ್ಟಾಕ್ಸಾಂಥಿನ್ ಎಂಬ ಬಣ್ಣವೂ ಇದೆ. ಇದನ್ನೂ ಹುದುಗಿಸಿಯೇ ಬೆಳೆಸುತ್ತಾರೆ. ಆದರೆ ಯೀಸ್ಟಿನ ಕೋಶಭಿತ್ತಿ ಬಲು ಗಟ್ಟಿ. ಅದನ್ನು ಮೊದಲೇ ಒಡೆದಿರದಿದ್ದರೆ ಬಣ್ಣದ ಬಹುಭಾಗ ಮೀನಿನ ಮೈಗೆ ಹತ್ತದೆ ಹಿಕ್ಕೆಯೊಡನೆ ತೊಟ್ಟಿಯ ತಳ ಸೇರುತ್ತದೆ.